ನೆಟ್ಟಗೆ ಎಸೆದ ಒಂದು ಚೆಂಡು

ನಾನು ಆಡಿದ ಯಾವ ಪಂದ್ಯದಲ್ಲೂ ಮೊದಲ ಚೆಂಡನ್ನು ನಾನು ಎಸೆದದ್ದಿಲ್ಲ. ಧಾರವಾಡದ ಕಾಲೇಜಿನಲ್ಲಿ, ದುಬೈಯಲ್ಲಿ, ಅಬುಧಾಬಿಯಲ್ಲಿ, ಎಸೆಯಲು ಬಿಟ್ಟ ಕಡೆಯಲ್ಲೆಲ್ಲ ನನ್ನನ್ನು ಮೊದಲು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆಟ ಕೈತಪ್ಪುವ ಹೊತ್ತಿಗೆ ಎಲ್ಲರ ಕಣ್ಣೂ ಬೆಂಚಿನ ಕಡೆ ತಿರುಗುತ್ತಿತ್ತು. ಆಗ ನಾನು ಎದ್ದು, ಚೂಡಿದಾರಿಗೆ ಅಂಟಿದ ಮರಳು ಕೊಡವಿಕೊಂಡು, ಉಕ್ಕುವ ಹಾಲನ್ನು ಇಳಿಸಲು ಹೋಗುವವಳ ಹಾಗೆ ಓಡುತ್ತಿದ್ದೆ. ಇಂಥವರಿಗೆ ಅಮೆರಿಕದ ಬೇಸ್‌ಬಾಲಿನಲ್ಲಿ ರಿಲೀಫ್ ಪಿಚರ್ ಎನ್ನುತ್ತಾರೆ, ಅದನ್ನೇ ಕಸುಬು ಮಾಡಿಕೊಂಡು ಬದುಕುವವರಿದ್ದಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಾನು ನನ್ನನ್ನು ಉಳಿದ ಸಾಮಾನು ಎಂದೇ ತಿಳಿದುಕೊಂಡಿದ್ದೆ.

ನಮ್ಮದು ಸಾಫ್ಟ್‌ಬಾಲ್, ಬೇಸ್‌ಬಾಲಿನ ತಂಗಿ. ಹೆಸರು ಸಾಫ್ಟ್ ಎಂದಿದ್ದರೂ ಮೂಗಿಗೆ ಬಡಿಸಿಕೊಂಡವರು ಅದನ್ನು ಒಪ್ಪುವುದಿಲ್ಲ. ಎಸೆಯುವವಳು ತೋಳನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಎದುರು ನಿಂತವರು ದಾಂಡಿನಿಂದ ಹೊಡೆಯಬೇಕು. ಬೀಸಿ ತಪ್ಪಿದರೆ ಒಂದು ಸ್ಟ್ರೈಕ್. ಹೊಡೆಯಬಹುದಾದ ಚೆಂಡನ್ನು ಹೊಡೆಯದೆ ನಿಂತು ನೋಡಿದರೂ ಸ್ಟ್ರೈಕ್. ಮೂರಾದರೆ ಔಟ್. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಲಗೋರಿಯಲ್ಲಿ ಆಗುವಂಥದ್ದೇ ಗದ್ದಲ.

ನನ್ನ ಚೆಂಡಿಗೆ ಒಂದು ಕೆಟ್ಟ ಬುದ್ಧಿ ಇತ್ತು. ಪಾಪದವರ ಹಾಗೆ ನೇರವಾಗಿ ಹೊರಟು, ದಾಂಡಿನ ಹತ್ತಿರ ಬಂದಮೇಲೆ ಮನಸ್ಸು ಬದಲಿಸಿ ಮೊಣಕಾಲಿನತ್ತ ಇಳಿಯುತ್ತಿತ್ತು. ಬಿಡುವಾಗ ಮಣಿಕಟ್ಟನ್ನು ಒಂದು ಚೂರು ತಿರುವಿದರೆ ಆಯಿತು. ಮೊದಲ ಸಲ ನೋಡಿದವರು ಎಲ್ಲರೂ ಮೋಸ ಹೋಗುತ್ತಿದ್ದರು. ಆದರೆ ಎರಡನೆಯ ಸಲ ದಾಂಡು ಹಿಡಿದು ಬಂದಾಗ ಅವರೇ ನಗುತ್ತಿದ್ದರು, ಮೂರನೆಯ ಸಲ ಚೆಂಡು ಬೇಲಿಯಾಚೆ ಇರುತ್ತಿತ್ತು. ಕಾಲೇಜಿನ ವ್ಯಾಯಾಮದ ಸರ್ ಇದನ್ನು ಮೊದಲ ವಾರದಲ್ಲೇ ಕಂಡುಹಿಡಿದರು.

“ನಿಂದು ಏನಿದ್ರೂ ಕಡೀಕ ನೋಡವಾ. ಮೊದಲ ಇಳಿಸಿದ್ರ ಬಣ್ಣ ಬಯಲಾಗ್ತೈತಿ,” ಎಂದರು.

ನನ್ನ ಸ್ವಭಾವವೂ ಆ ಚೆಂಡಿಗಿಂತ ಬಹಳ ಬೇರೆಯಾಗಿರಲಿಲ್ಲ ಎನ್ನುವುದು ನನ್ನ ಗಂಡನ ವಾದ. ಅವರು ಗದಗದ ಕಡೆಯವರು, ಎಲೆಕ್ಟ್ರಿಕಲ್ ಎಂಜಿನಿಯರು, ಮಾತಿಗೂ ಕೆಲಸಕ್ಕೂ ಸ್ಕೇಲು ಇಟ್ಟು ಗೆರೆ ಹೊಡೆದವರಂತೆ ಇರುವ ಮನುಷ್ಯ. ಇಂಥವರನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ಚಹಾಕ್ಕೆ ಸಕ್ಕರೆ ಹಾಕಿ ಹಾಕಿಲ್ಲ ಎನ್ನುತ್ತಿದ್ದೆ, ಅವರು ಇನ್ನೊಂದು ಚಮಚ ಹಾಕಿಕೊಂಡು ಕುಡಿದು ಮುಖ ಹಿಂಡುತ್ತಿದ್ದರು. ಊರಿನಿಂದ ಫೋನ್ ಬಂದಿತ್ತು ಎಂದು ಗಾಬರಿ ಹುಟ್ಟಿಸಿ, ಆಮೇಲೆ ಏನೂ ಇಲ್ಲ, ಆರಾಮಾಗಿದ್ದಾರೆ ಎನ್ನುತ್ತಿದ್ದೆ. ಹೀಗಾಗಿ ಎರಡು ವರ್ಷದೊಳಗೆ ನಾನು ಲೋಟದಲ್ಲಿ ನೀರು ಕೊಟ್ಟರೂ ಒಂದು ಸಲ ಮೂಸಿ ನೋಡುವ ಅಭ್ಯಾಸ ಅವರಿಗಾಗಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ದುಬೈಯ ಮಿರ್ದಿಫಿಗೆ ಬಂದೆ. ಒಂದು ವಿಲ್ಲಾವನ್ನು ಗೋಡೆ ಹಾಕಿ ನಾಲ್ಕು ಸಂಸಾರಕ್ಕೆ ಹಂಚಿದ್ದರು. ನಮಗೆ ಸಿಕ್ಕಿದ್ದು ಹಿಂದಿನ ಭಾಗ, ಜೊತೆಗೆ ಕಾಂಪೌಂಡಿನ ಒಂದು ಮೂಲೆ. ವಿಮಾನ ತಲೆಯ ಮೇಲೆ ಹೋಗುವಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದಮೇಲೆ ಮುಂದುವರಿಸುವುದನ್ನು ಎಲ್ಲರೂ ಕಲಿತಿದ್ದೆವು. ಜಗಳದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತಿತ್ತು.

ಗಂಡನ ಬಾಸ್ ಅಮೆರಿಕದವ. ಮರುಭೂಮಿಯಲ್ಲಿ ಸಬ್‌ಸ್ಟೇಷನ್ ಕಟ್ಟಿಸುವುದು ಅವನ ಕೆಲಸ, ಆದರೆ ಅವನ ಪ್ರಾಣವಿದ್ದದ್ದು ಶುಕ್ರವಾರದ ರಜೆಯ ಸಾಫ್ಟ್‌ಬಾಲಿನಲ್ಲಿ. ಬೇರೆ ಬೇರೆ ಆಫೀಸುಗಳ ತಂಡಗಳು ಸೇರಿ ಒಂದು ಲೀಗ್ ನಡೆಸುತ್ತಿದ್ದವು. ಗಂಡಸರ ಜೊತೆ ಹೆಂಗಸರೂ ಮೈದಾನದಲ್ಲಿರಬೇಕು ಎಂಬುದು ಅದರ ನಿಯಮ. ಆಫೀಸಿನಲ್ಲಿ ಹೆಂಗಸರು ಸಾಲದೆ ಹೆಂಡತಿಯರನ್ನು ಕರೆತರಲು ಹೇಳಿದ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚೆಂಡು ಎಂದೂ ಬಾರದ ಬಲಗಡೆಯ ದೂರದ ಮೂಲೆಗೆ ಕಳಿಸಿದ. ಅಲ್ಲಿ ನಾನು ಮತ್ತು ಒಂದು ಗಾಫ್ ಮರ ಇಬ್ಬರೇ ನಿಂತಿರುತ್ತಿದ್ದೆವು. ಎಸೆಯುವವನು ಅವನೇ. ಎಲ್ಲರೂ ಅವನ ಚೆಂಡನ್ನು ಬಡಿದು ಬಡಿದು ಹಾಕುತ್ತಿದ್ದರೂ ಕೊನೆಯವರೆಗೆ ಅವನೇ.

“ಒಂದ್ಸಲ ನನಗ ಕೊಡ್ಲಿಕ್ಕೆ ಹೇಳ್ರೀ, ನಾಲ್ಕು ಮಂದೀನ ಮನೀಗೆ ಕಳಸ್ತೀನಿ,” ಎಂದು ಗಂಡನಿಗೆ ಗಂಟುಬಿದ್ದೆ.

“ಸುಮ್ನಿರ ಮಾರಾಯ್ತಿ. ಅವನ ಕೈಯಾಗ ನನ್ನ ವೀಸಾ ಐತಿ,” ಎಂದರು.

ಆ ಬಾಸಿಗೆ ನನ್ನ ಶೇಂಗಾ ಹೋಳಿಗೆ ಮಾತ್ರ ಬೇಕಿತ್ತು, ತೋಳು ಬೇಕಿರಲಿಲ್ಲ. ಒಂದು ಚಳಿಗಾಲ ಮರದ ಪಕ್ಕದಲ್ಲಿ ನಿಂತು ಸಾಕಾಗಿ, ಮೊಣಕಾಲು ನೋವು ಎಂದು ಹೇಳಿ ಬಿಟ್ಟುಬಿಟ್ಟೆ. ಸಿಟ್ಟು ಮಾತ್ರ ಬಿಡಲಿಲ್ಲ. ಸಂಜೆ ಕಾಂಪೌಂಡಿನ ಮೂಲೆಯಲ್ಲಿ ಗಂಡನನ್ನು ಕುಕ್ಕರಗಾಲಲ್ಲಿ ಕೂರಿಸಿ ಅವರ ಕೈಗೆ ಗ್ಲೌಸು ಹಾಕಿ ಎಸೆಯುತ್ತಿದ್ದೆ. ಅವರು ಹಿಡಿಯುತ್ತಿದ್ದರು, ಹಿಡಿಯಲಾಗದಿದ್ದಾಗ ಹೊಟ್ಟೆಯಲ್ಲಿ ತಡೆಯುತ್ತಿದ್ದರು. ನನ್ನ ಚೆಂಡನ್ನು ಅವರಷ್ಟು ಅರಿತವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ.

ಚೆಂಡು ಬಡಿಯುವ ಸದ್ದನ್ನು ಗೋಡೆಯಾಚೆಯಿಂದ ಕೇಳಿ, ನನ್ನನ್ನು ತಮ್ಮ ಅಂಗಳದ ಚೆಂಡಾಟಕ್ಕೆ ಕರೆದವರು ಪಕ್ಕದ ದೊಡ್ಡ ವಿಲ್ಲಾದ ಆಪಾ, ಎಂದರೆ ಎಲ್ಲರ ಅಕ್ಕ. ಭಟ್ಕಳದ ಬಟ್ಟೆ ವ್ಯಾಪಾರಿಗಳ ಮನೆಯ ಹಿರಿಯ ಸೊಸೆ. ಅವರ ಅಂಗಳದ ಗೋಡೆ ಆಳೆತ್ತರಕ್ಕಿಂತ ಮೇಲಿತ್ತು, ಒಳಗೆ ಸೊಸೆಯರು, ನಾದಿನಿಯರು, ಅವರ ಹೆಣ್ಣುಮಕ್ಕಳು ಸೇರಿ ಎರಡು ತಂಡವಾಗುವಷ್ಟು ಜನ. ಗಂಡಸರು ಮಧ್ಯಾಹ್ನದ ಮೇಲೆ ಅಂಗಡಿಗೆ ಹೋದ ಕೂಡಲೇ ಆಟ ಶುರು. ಆಪಾ ತಾವೇ ಒಂದು ತಂಡದ ನಾಯಕಿ, ತಾವೇ ಅಂಪೈರ್. ಸೋಲುವ ಸೂಚನೆ ಕಂಡರೆ ನಿಯಮ ಬದಲಿಸುತ್ತಿದ್ದರು, ಯಾರೂ ಉಸಿರೆತ್ತುತ್ತಿರಲಿಲ್ಲ. ಇದು ನನ್ನ ಎರಡನೆಯ ಲೀಗ್. ಇಲ್ಲಿಯೂ ನನ್ನನ್ನು ಮೊದಲು ಮೆಟ್ಟಿಲ ಮೇಲೆ ಕೂರಿಸಿ, ತಟ್ಟೆಯ ತುಂಬ ಖರ್ಜೂರ ಕೊಟ್ಟುಬಿಡುತ್ತಿದ್ದರು. ಅಡುಗೆಮನೆಯಿಂದ ಸುಲೈಮಾನಿ ಆಯಿತು ಎಂದು ಕೂಗು ಬಂದಾಗ ಆಪಾ ನನ್ನತ್ತ ತಿರುಗುತ್ತಿದ್ದರು.

“ಹೋಗು ಮಾರಾಯ್ತಿ, ಚಾ ತಣ್ಣಗಾಗ್ತದೆ. ಬೇಗ ಎಲ್ಲರನ್ನೂ ಖಲಾಸ್ ಮಾಡು.”

ನಾನು ಹೋಗಿ ಖಲಾಸ್ ಮಾಡಿ ಬರುತ್ತಿದ್ದೆ. ಚಹಾ ಎಂದೂ ಆರಲಿಲ್ಲ. ನನ್ನ ಇಡೀ ಆಟದ ಬದುಕಿನಲ್ಲಿ ನನ್ನ ಬೆಲೆ ಇಷ್ಟು ಸ್ಪಷ್ಟವಾಗಿ ಅರಿತ ನಾಯಕಿ ಇನ್ನೊಬ್ಬರಿಲ್ಲ.

ಮುಂದಿನ ದಾರಿ ತೋರಿಸಿದವರೂ ಆಪಾನೇ. ಅವರ ಮೈದುನರು ಅಬುಧಾಬಿಯ ಒಂದು ಆಸ್ಪತ್ರೆಗೆ ಹಾಸಿಗೆ ಬಟ್ಟೆ ಒದಗಿಸುತ್ತಿದ್ದರು. ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಬೇಕಂತೆ, ನರ್ಸುಗಳು ಚೆಂಡಾಟವನ್ನೂ ಆಡುತ್ತಾರಂತೆ ಎಂದು ಸುದ್ದಿ ತಂದರು. ನಾನು ಓದಿದ್ದು ಅದನ್ನೇ. ಸಂದರ್ಶನಕ್ಕೆ ಹೋದೆ. ಡಾಕ್ಟರು ರಕ್ತದ ಬಗ್ಗೆ ಕೇಳಿದರು, ನಾನು ಹೇಳಿದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹೆಡ್ ನರ್ಸ್, ಫಿಲಿಪೀನ್ಸಿನ ಗಿಡ್ಡ ಹೆಂಗಸು, ಸುತ್ತಿದ ಬ್ಯಾಂಡೇಜಿನ ಒಂದು ಉಂಡೆಯನ್ನು ನನ್ನ ಕೈಗಿಟ್ಟು, ಕಾರಿಡಾರಿನ ತುದಿಯ ಕಸದ ಬುಟ್ಟಿ ತೋರಿಸಿದಳು. ಎಸೆದೆ. ಬುಟ್ಟಿಯ ಹತ್ತಿರ ಹೋಗಿ ಉಂಡೆ ತಲೆಬಾಗಿ ಒಳಗಿಳಿಯಿತು. ಹುಬ್ಬಳ್ಳಿಯಲ್ಲಿ ಆಟದ ಕೋಟಾದಲ್ಲಿ ರೈಲ್ವೆ ಸೇರಿದವರನ್ನು ಬಹಳ ಜನ ಕಂಡಿದ್ದೆ, ಗಲ್ಫಿನಲ್ಲಿ ಅದೇ ಕೋಟಾದಲ್ಲಿ ಕೆಲಸ ಗಿಟ್ಟಿಸಿದವಳು ನಾನೊಬ್ಬಳೇ ಇರಬೇಕು. ಡಾಕ್ಟರು ನನ್ನ ಓದು ನೋಡಿ ತೆಗೆದುಕೊಂಡೆವು ಎಂದು ಹೇಳುತ್ತಾರೆ, ಹೇಳಲಿ.

ಹೆಡ್ ನರ್ಸ್ ತಂಡದ ನಾಯಕಿ. ನರ್ಸುಗಳ ತಂಡ ಎಂದೇ ಹೆಸರಾದರೂ ಎಕ್ಸ್‌ರೇ ವಿಭಾಗದ ಗಂಡಸರೂ ಕೆಲವರಿದ್ದರು. ಅವಳು ನನ್ನನ್ನು ಎರಡು ಪಂದ್ಯ ನೋಡಿ, ಧಾರವಾಡದ ಸರ್ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಮತ್ತೆ ಬೆಂಚು. ಆದರೆ ಇಲ್ಲಿ ಬೆಂಚಿಗೆ ಮರ್ಯಾದೆ ಇತ್ತು. ನನ್ನ ಮಣಿಕಟ್ಟಿನ ಗುಟ್ಟೇನು ಎಂದು ಕೇಳಿದವರಿಗೆ ಜೋಳದ ರೊಟ್ಟಿ ಬಡಿಯುವುದು ಎಂದುಬಿಟ್ಟೆ. ತಮಾಷೆಗೆ ಹೇಳಿದ್ದು. ಮುಂದಿನ ರಜೆಯ ದಿನ ಅರ್ಧ ತಂಡ ನನ್ನ ಅಡುಗೆಮನೆಯಲ್ಲಿ ಸಾಲಾಗಿ ನಿಂತಿತ್ತು. ಊರಿನಿಂದ ತಂದಿದ್ದ ಜೋಳದ ಹಿಟ್ಟು ಒಂದೇ ಮಧ್ಯಾಹ್ನದಲ್ಲಿ ಗೋಡೆ, ನೆಲ, ಫ್ರಿಜ್ಜುಗಳಿಗೆ ಸಮನಾಗಿ ಹಂಚಿಹೋಯಿತು. ಒಂದು ರೊಟ್ಟಿಯೂ ದುಂಡಗಾಗಲಿಲ್ಲ. ಹಿಟ್ಟು ಹೋದದ್ದಕ್ಕೆ ನನಗೆ ನಿಜವಾಗಿಯೂ ಅಳು ಬಂತು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ನಾನು ಅಬುಧಾಬಿಯ ಖಾಲಿದಿಯಾದಲ್ಲಿ ಆಸ್ಪತ್ರೆ ಕೊಟ್ಟ ಪುಟ್ಟ ಫ್ಲ್ಯಾಟಿನಲ್ಲಿ, ಗಂಡ ಮಿರ್ದಿಫಿನ ಹಿಂದಿನ ಭಾಗದಲ್ಲಿ. ನಡುವೆ ಆ ಉದ್ದ ಹೆದ್ದಾರಿ. ಗುರುವಾರ ಸಂಜೆ ಬರುತ್ತಿದ್ದರು, ಶುಕ್ರವಾರ ಅವರ ಆಟ ಇದ್ದರೆ ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದರು. ಗುರುವಾರವೇ ನನ್ನ ಆಟ ಇದ್ದರೆ ಅವರು ಬಂದು ಬೀಗ ನೋಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮೊದಮೊದಲು ಇದನ್ನೂ ತಮಾಷೆ ಮಾಡಿದೆ. ಆಮೇಲೆ ತಮಾಷೆ ನಾಲಿಗೆಗೆ ಬರಲಿಲ್ಲ. ಒಬ್ಬಳಿಗೆ ಅಡುಗೆ ಮಾಡಿಕೊಂಡು ಉಣ್ಣುವುದು ನನಗೆ ಆಗದ ಕೆಲಸ. ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದು ಸುಳ್ಳು ಹೇಳುವುದಕ್ಕೂ ಎದುರಿಗೆ ಒಬ್ಬರು ಬೇಕು.

ಅವರ ಕಂಪನಿಗೆ ಅಬುಧಾಬಿಯಲ್ಲಿಯೂ ಒಂದು ಆಫೀಸು ಇತ್ತು. ಅಲ್ಲಿ ಒಂದು ಜಾಗ ಖಾಲಿಯಾಯಿತು. ಇವರು ಹೋಗಿ ಕೇಳಿದರು. ಬಾಸ್ ನೋಡೋಣ ಎಂದ. ಮತ್ತೆ ಕೇಳಿದರು, ಮತ್ತೆ ನೋಡೋಣ. ಹೀಗೆ ನೋಡುತ್ತ ನೋಡುತ್ತ ಮಳೆಗಾಲವಿಲ್ಲದ ಊರಿನಲ್ಲಿ ವರ್ಷ ಕಳೆಯಿತು. ಈ ನಡುವೆ ಇವರು ಸ್ಕೇಲಿಟ್ಟ ಹಾಗೆ ಅಭ್ಯಾಸ ಮಾಡಿ ಒಳ್ಳೆಯ ಹೊಡೆತಗಾರರಾಗಿದ್ದರು, ಬಾಸಿಗೆ ಅಚ್ಚುಮೆಚ್ಚು.

“ಈ ಸಲ ಕಪ್ ಗೆದ್ರ ಕೇಳ್ತೀನಿ. ಖುಷೀಲೆ ಇರ್ತಾನ, ಹೂಂ ಅಂತಾನ,” ಎಂದರು ಒಂದು ಗುರುವಾರ.

ದುಬೈ ಮತ್ತು ಅಬುಧಾಬಿಯ ತಂಡಗಳು ಸೇರಿ ಆಡುವ ಕಪ್ ಅದು. ನನ್ನ ನಾಯಕಿಗೂ ಅದರ ಮೇಲೆ ಕಣ್ಣು. ಎರಡೂ ತಂಡಗಳು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಾಗಲೇ ನಾನು ಪಂದ್ಯಗಳ ಪಟ್ಟಿ ಹಿಡಿದು ನಾವೂ ಅವರೂ ಎಲ್ಲಿ ಎದುರಾಗುತ್ತೇವೆಂದು ಲೆಕ್ಕ ಹಾಕತೊಡಗಿದ್ದೆ. ಕೊನೆಗೆ ಆದದ್ದೂ ಅದೇ. ಫೈನಲಿನಲ್ಲಿ ಅವರ ಆಫೀಸು, ನಮ್ಮ ಆಸ್ಪತ್ರೆ.

ಅಬುಧಾಬಿಯಲ್ಲೇ ಪಂದ್ಯ, ಶುಕ್ರವಾರ ಬೆಳಿಗ್ಗೆ. ನಾನು ಬೆಂಚಿನ ಮೇಲೆ ಕೂತು, ದೇವರೇ ನಮ್ಮ ತಂಡ ಬಹಳ ಮುಂದೆ ಹೋಗಲಿ ಅಥವಾ ಬಹಳ ಹಿಂದೆ ಬೀಳಲಿ, ನನ್ನನ್ನು ಮಾತ್ರ ಕರೆಯುವಂತಾಗದಿರಲಿ ಎಂದು ಬೇಡಿಕೊಂಡೆ. ದೇವರಿಗೂ ಶುಕ್ರವಾರ ರಜೆ ಇರಬೇಕು. ಕೊನೆಯ ಸರದಿಯಲ್ಲಿ ನಾವು ಒಂದೇ ಒಂದು ರನ್ ಮುಂದಿದ್ದೆವು. ಅವರ ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಆಟ ಮುಗಿದಂತೆ. ಆದರೆ ಅವರ ಇನ್ನಿಬ್ಬರು ಓಡಲು ತುದಿಗಾಲಲ್ಲಿ ನಿಂತಿದ್ದರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಕಪ್ ಅವರದು. ನಮ್ಮ ಎಸೆಯುವವಳ ತೋಳು ಸೋತುಹೋಗಿತ್ತು. ಎಲ್ಲರ ಕಣ್ಣೂ ಬೆಂಚಿನ ಕಡೆ ತಿರುಗಿತು. ದಾಂಡು ಹಿಡಿದು ಬಂದವರು ನನ್ನ ಗಂಡ.

“ಯಲ್ಲಾ,” ಹೊರಡು ಎಂದು ಅರಬಿಯಲ್ಲಿ ಹೇಳಿ ನಾಯಕಿ ಚೆಂಡನ್ನು ನನ್ನ ಕೈಗಿಟ್ಟಳು.

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಹಿಂದಿನ ಸಂಜೆ ಒಂದೇ ತಟ್ಟೆಯಲ್ಲಿ ಉಂಡವರು, ಈಗ ಎದುರಾಳಿಗಳು. ಮೊದಲ ಚೆಂಡನ್ನು ನಾನು ಯೋಚನೆ ಮಾಡದೆ ಎಸೆದೆ, ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಚೆಂಡು ಕೆಳಗಿಳಿಯಿತು, ಅವರು ಬೀಸಿ ತಪ್ಪಿದರು. ಎರಡನೆಯದಕ್ಕೆ ಅವರು ಬಗ್ಗಿ ಕಾದಿದ್ದರು. ದಾಂಡಿಗೆ ತಾಗಿತು, ಆದರೆ ಗೆರೆಯಾಚೆ ಹೋಗಿ ಬಿತ್ತು. ಅದೂ ಸ್ಟ್ರೈಕ್. ನಮ್ಮ ಬೆಂಚಿನಲ್ಲಿ ಕಿರುಚಾಟ.

ಆಗ ಅವರ ಬೆಂಚಿನತ್ತ ನೋಡಿದೆ. ಬಾಸ್ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತಿದ್ದ. ಆ ಮುಖದಲ್ಲಿ ಖಾಲಿದಿಯಾದ ಫ್ಲ್ಯಾಟು, ಬೀಗ, ಮೆಟ್ಟಿಲು, ಒಬ್ಬಳೇ ಕೂತು ಉಣ್ಣುವ ಊಟ ಎಲ್ಲ ನನಗೆ ಕಂಡವು. ಕಪ್ ನನಗೇಕೆ? ನನಗೆ ಮನುಷ್ಯ ಬೇಕಿತ್ತು. ಇವರು ಹೊಡೆಯಲಿ, ಬಾಸ್ ಖುಷಿಯಾಗಲಿ, ಹೂಂ ಎನ್ನಲಿ.

ಮಣಿಕಟ್ಟು ತಿರುವದೆ ಎಸೆದೆ. ಜೀವಮಾನದಲ್ಲಿ ಅಂಥ ಚೆಂಡನ್ನು ನಾನು ಯಾರಿಗೂ ಕೊಟ್ಟವಳಲ್ಲ. ನಿಧಾನ, ನೆಟ್ಟಗೆ, ಸೊಂಟದೆತ್ತರ, ನಟ್ಟನಡುವೆ. ಬಾಣಂತಿಯೂ ಎದ್ದು ಬಂದು ಹೊಡೆಯಬಹುದಾಗಿತ್ತು. ಚೆಂಡು ಹೋಗುತ್ತಿದೆ, ಇವರು ನೋಡುತ್ತಿದ್ದಾರೆ. ಮೊಣಕಾಲು ಬಗ್ಗಿಸಿ, ದಾಂಡು ಎತ್ತಿ, ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಾರೆ. ಹೊಡೀರಿ ಎಂದು ನನ್ನ ಬಾಯಿ ಒಳಗೊಳಗೇ ಒದರುತ್ತಿತ್ತು. ಚೆಂಡು ಅವರ ಮುಂದಿನಿಂದಲೇ ಹಾದು ಹಿಂದಿದ್ದ ಕ್ಯಾಚರನ ಕೈಗೆ ಹೋಗಿ ಕೂತಿತು.

ಅಂಪೈರ್ ಕೈಯೆತ್ತಿದ. ಮೂರನೆಯ ಸ್ಟ್ರೈಕ್.

ನಮ್ಮವರು ಬಂದು ನನ್ನನ್ನು ಎತ್ತಿಕೊಂಡರು. ನಾಯಕಿ ಅತ್ತೇಬಿಟ್ಟಳು, ಇಂಥ ಚೆಂಡನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಎಂದಳು. ನಾನೂ ಅತ್ತೆ, ಬೇರೆ ಕಾರಣಕ್ಕೆ. ಗಂಡನ ಮೂರ್ಖತನದ ಮೇಲೆ ನನಗೆ ಬಂದಿದ್ದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಅತ್ತ ಬಾಸ್ ಟೊಪ್ಪಿಗೆಯನ್ನು ಮರಳಿಗೆ ಬಡಿದು ಇವರ ಮುಂದೆ ನಿಂತಿದ್ದ. ಅವನು ಇಂಗ್ಲಿಷಿನಲ್ಲಿ ಒದರಿದ್ದು ಮೈದಾನಕ್ಕೆಲ್ಲ ಕೇಳಿಸಿತು. ಹೆಂಡತಿ ಗೆಲ್ಲಲಿ ಎಂದು ಬೇಕೆಂದೇ ಗೊಂಬೆಯ ಹಾಗೆ ನಿಂತೆಯಲ್ಲ, ಅಷ್ಟು ಪ್ರೀತಿ ಇದ್ದರೆ ಹೋಗಿ ಅವಳ ಹತ್ತಿರವೇ ಬಿದ್ದಿರು, ನನ್ನ ತಂಡದಲ್ಲಿ ನಿನ್ನ ಮುಖ ಬೇಡ ಎಂದ. ಸಿಟ್ಟಿನ ಮಾತು ಎಂದುಕೊಂಡೆವು. ಆದರೆ ಆ ಮನುಷ್ಯ ಸಾಫ್ಟ್‌ಬಾಲಿನ ವಿಷಯದಲ್ಲಿ ತಮಾಷೆ ಮಾಡುವವನಲ್ಲ. ಶನಿವಾರ ಆಫೀಸು ತೆರೆದ ಕೂಡಲೇ ಇವರನ್ನು ಅಬುಧಾಬಿಗೆ ಎತ್ತಿಹಾಕಿದ.

ಇವರು ಎರಡು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರು ಹಿಡಿದು ಖಾಲಿದಿಯಾದ ಫ್ಲ್ಯಾಟಿಗೆ ಬಂದರು. ಮುಖ ಮದುವಣಿಗನ ಹಾಗಿತ್ತು. ನನಗೂ ಎಷ್ಟು ಸಂತೋಷವಾಗಿತ್ತೆಂದರೆ ಒಳಗೆ ಬನ್ನಿ ಎನ್ನಲೂ ಮರೆತು ಬಾಗಿಲಲ್ಲೇ ಅವರ ಕೈಯಿಂದ ಕುಕ್ಕರು ಕಿತ್ತುಕೊಂಡೆ. ಊಟಕ್ಕೆ ಕೂತಾಗ ತಡೆಯಲಾಗದೆ ಕೇಳಿದೆ.

“ಖರೇ ಹೇಳ್ರೀ. ಬೇಕಂತನ ಬಿಟ್ರೇನು?”

“ಹುಚ್ಚೇನು ನನಗ? ಅದು ಈಗ ಇಳೀತೈತಿ, ಈಗ ಇಳೀತೈತಿ ಅಂತ ಕಾಯ್ಕೋತ ನಿಂತೆ. ಇಳೀಲೇ ಇಲ್ಲ.”

“ನೆಟ್ಟಗ ಎಸೆದಿದ್ದೆ. ನೀವು ಹೊಡೀಲಿ ಅಂತ. ನಿಮ್ಮ ಸಲುವಾಗಿ.”

ತುತ್ತು ಅರ್ಧದಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನೀ? ನೆಟ್ಟಗ? ನನಗ? ಹೋಗ ಹೋಗ, ಯಾರಿಗೆ ಹೇಳ್ತೀ!”

ಆಣೆ ಮಾಡಿ ಹೇಳಿದೆ. ಅವರ ನಗು ಹೆಚ್ಚಾಯಿತೇ ಹೊರತು ನಂಬಿಕೆ ಬರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ತಮ್ಮ ಎಂದಿನ ಸ್ಕೇಲಿಟ್ಟ ದನಿಯಲ್ಲಿ ಅಂದರು:

“ಇರ್ಲಿ, ನೀ ಹೇಳೂದು ಖರೇನ ಅಂತ ತಿಳಕೊಳ್ಳೂಣು. ನಾ ಅದನ್ನ ಹೊಡದು ಕಪ್ ಗೆಲ್ಲಿಸಿದ್ರ, ಅಂಥಾ ಹೊಡೆತದವನ್ನ ಆ ಪುಣ್ಯಾತ್ಮ ದುಬೈ ಬಿಟ್ಟು ಕಳಸ್ತಿದ್ನೇನು?”

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನೆಟ್ಟಗಿನ ಆ ಚೆಂಡನ್ನು ಅವರು ನಂಬಿದ್ದರೆ ನಾವಿಬ್ಬರೂ ಇಂದಿಗೂ ಆ ಹೆದ್ದಾರಿಯ ಎರಡು ತುದಿಯಲ್ಲಿರುತ್ತಿದ್ದೆವು. ಅವರು ರೊಟ್ಟಿ ಮುರಿದುಕೊಂಡು, ಲೋಟದ ನೀರನ್ನು ಒಂದು ಸಲ ಮೂಸಿ ನೋಡಿ ಕುಡಿದರು. ಮೂಸಲಿ ಎಂದು ನಾನು ಲೋಟವನ್ನು ಮತ್ತೆ ತುಂಬಿಸಿದೆ.